ಥೀಸಿಸ್‌ನಿಂದ ಜರ್ನಲ್‌ಗೆ: ಸಕ್ಕರೆ ಕಾಯಿಲೆಯ ಸಂಶೋಧನಾ ಲೇಖನ ಕಳಿಸುವ ಬಗೆ

ಪ್ರತಿ ವರ್ಷ ಪರೀಕ್ಷೆ ಮುಗಿದ ಮೇಲೆ ಒಬ್ಬರಾದರೂ ಪಿಜಿ ವಿದ್ಯಾರ್ಥಿ ನನ್ನ ಕೋಣೆಗೆ ಬರುತ್ತಾರೆ. ಕಂಕುಳಲ್ಲಿ ಕಪ್ಪು ರೆಕ್ಸಿನ್ ಹೊದಿಕೆಯ, ಚಿನ್ನದ ಅಕ್ಷರದ ಥೀಸಿಸ್. "ಮೇಡಂ, ಇದನ್ನ ಪೇಪರ್ ಮಾಡ್ಬೇಕಿತ್ತು. ಎರಡು ವಾರದಲ್ಲಿ ಆಗತ್ತಾ?" ತೆರೆದು ನೋಡಿದರೆ ನೂರಿಪ್ಪತ್ತು ಪುಟ. ಅದರಲ್ಲಿ ನಲವತ್ತು ಪುಟ ಹಿಂದಿನವರು ಬರೆದದ್ದರ ಸಮೀಕ್ಷೆ, ಅದೂ 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದ ಕಥೆಯಿಂದ ಶುರು. ಎರಡು ವಾರದಲ್ಲಿ ಆಗುವುದಿಲ್ಲ. ಎರಡು ತಿಂಗಳು ಕೊಟ್ಟರೆ ಆಗುತ್ತದೆ, ಆದರೆ ಕತ್ತರಿಸುವುದಕ್ಕೆ ಮನಸ್ಸು ಗಟ್ಟಿ ಇರಬೇಕು.

ಥೀಸಿಸ್ ಬರೆಯುವುದು ಪರೀಕ್ಷಕರಿಗೆ, ನಾನು ಎಷ್ಟು ಓದಿದ್ದೇನೆ ನೋಡಿ ಎಂದು ತೋರಿಸಲಿಕ್ಕೆ. ಪೇಪರ್ ಬರೆಯುವುದು ದಿನಾ ಶುಗರ್ ರೋಗಿಗಳನ್ನು ನೋಡುವ, ನಿಮ್ಮ ಮುಖ ಪರಿಚಯವಿಲ್ಲದ ಇನ್ನೊಬ್ಬ ವೈದ್ಯರಿಗೆ. ಅವರಿಗೆ ಬೇಕಾದದ್ದು ಒಂದು ಪ್ರಶ್ನೆ, ಅದಕ್ಕೆ ಒಂದು ಉತ್ತರ, ಆ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಲೆಕ್ಕ. ವಾಪಸ್ ಬರುವ ಪೇಪರುಗಳನ್ನು ಇಂಗ್ಲಿಷ್ ಚೆನ್ನಾಗಿಲ್ಲದ್ದಕ್ಕೆ ಬಂತು ಅಂತ ನಮ್ಮವರು ಅಂದುಕೊಳ್ಳುತ್ತಾರೆ. ರಿವ್ಯೂ ಮಾಡಲು ನನ್ನ ಕೈಗೆ ಬಂದವುಗಳಲ್ಲಿ ಭಾಷೆಯೊಂದರಿಂದಲೇ ಬಿದ್ದದ್ದು ತೀರಾ ಕಡಿಮೆ. ಬಿದ್ದವು ಹೆಚ್ಚಾಗಿ ಪ್ರಶ್ನೆಯೇ ಕಾಣದೆ ಬಿದ್ದವು.

ಮಾತಿಗೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಜಿಲ್ಲಾ ಕೇಂದ್ರದ ಮೆಡಿಕಲ್ ಕಾಲೇಜೊಂದರ ಓಪಿಡಿ. ಟೈಪ್ 2 ಸಕ್ಕರೆ ಕಾಯಿಲೆಯ 200 ಜನರ ಪಾದವನ್ನು 10 ಗ್ರಾಂ ಮೊನೊಫಿಲಮೆಂಟ್ ಎಂಬ ನೈಲಾನ್ ಎಳೆಯಿಂದ ಮುಟ್ಟಿ ನೋಡಿ, ಸ್ಪರ್ಶ ಎಷ್ಟು ಜನರಿಗೆ ಹೋಗಿದೆ, ಅದಕ್ಕೂ ಎಚ್‌ಬಿಎ1ಸಿಗೂ (ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತ ಪರೀಕ್ಷೆ) ನಂಟು ಏನು ಎಂದು ನೋಡಿದ ಥೀಸಿಸ್. ಇದನ್ನು ಕೈಯಲ್ಲಿ ಹಿಡಿದೇ ಮುಂದೆ ಹೋಗೋಣ.

ಎರಡು ಕಾಗದ ಇವೆಯಾ ನೋಡಿ

ಬರೆಯಲು ಕೂರುವ ಮೊದಲು ಕಡತ ತೆರೆಯಿರಿ. ಎಥಿಕ್ಸ್ ಕಮಿಟಿಯ ಅನುಮತಿ ಪತ್ರ ಬೇಕು, ಅದರ ಮೇಲಿನ ತಾರೀಖು ಮೊದಲ ರೋಗಿಯನ್ನು ಸೇರಿಸಿಕೊಂಡ ತಾರೀಖಿಗಿಂತ ಹಿಂದಿನದಾಗಿರಬೇಕು. ಸಂಪಾದಕರು ಈ ಎರಡು ತಾರೀಖನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಡೇಟಾ ತೆಗೆದಾದ ಮೇಲೆ ಅನುಮತಿ ಕೇಳುವ ದಾರಿ ಇಲ್ಲ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿ ಒಮ್ಮೆ ಓದಿಕೊಳ್ಳಿ, ಒಪ್ಪಿಗೆ ಪತ್ರದಲ್ಲಿ ಏನೇನು ಇರಬೇಕು ಎಂದು ಅದರಲ್ಲಿ ಬಿಡಿಸಿ ಹೇಳಿದೆ. ಒಪ್ಪಿಗೆ ಪತ್ರ ಕನ್ನಡದಲ್ಲಿತ್ತು, ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಂಡಿದ್ದೀರಿ ಎಂದಾದರೆ ಅದನ್ನು ಪೇಪರ್‌ನಲ್ಲಿ ಬರೆಯಿರಿ. ಅದು ನಿಮ್ಮ ಕೆಲಸದ ಗಟ್ಟಿತನಕ್ಕೆ ಸಾಕ್ಷಿ.

ಎರಡನೆಯದು ನೋಂದಣಿ. ಔಷಧಿಯನ್ನೋ, ಆಹಾರ ಕ್ರಮವನ್ನೋ, ಯೋಗವನ್ನೋ ಒಂದು ಗುಂಪಿಗೆ ಕೊಟ್ಟು ಇನ್ನೊಂದಕ್ಕೆ ಕೊಡದೆ ಹೋಲಿಸಿದ್ದೀರಿ ಎಂದರೆ ಅದು ಕ್ಲಿನಿಕಲ್ ಟ್ರಯಲ್. ಭಾರತದ ಟ್ರಯಲ್ ನೋಂದಣಿ ತಾಣ ಸಿಟಿಆರ್‌ಐ 2007ರ ಜುಲೈ 20ರಂದು ಶುರುವಾಯಿತು. 2018ರ ಏಪ್ರಿಲ್ 1ರಿಂದ ಅಲ್ಲಿ ಮೊದಲ ರೋಗಿ ಸೇರುವ ಮುಂಚೆ ಮಾತ್ರ ನೋಂದಣಿ ಮಾಡಿಕೊಳ್ಳುತ್ತಾರೆ. "ನಾವು ಬರೀ ಮೆಂತ್ಯ ಕೊಟ್ಟಿದ್ದು, ಔಷಧಿ ಅಲ್ಲವಲ್ಲ" ಎಂಬ ಮಾತನ್ನು ಹಲವು ಸಲ ಕೇಳಿದ್ದೇನೆ. ಮೆಂತ್ಯವೂ ಟ್ರಯಲ್ಲೇ. ನೋಂದಣಿ ಸಂಖ್ಯೆ ಇಲ್ಲದಿದ್ದರೆ ಒಳ್ಳೆಯ ಜರ್ನಲ್‌ಗಳ ಬಾಗಿಲು ಅಲ್ಲಿಗೆ ಮುಚ್ಚಿತು. ನಮ್ಮ ಪಾದದ ಅಧ್ಯಯನದಂಥ ಬರೀ ನೋಡಿ ಅಳೆದ ಕೆಲಸಕ್ಕೆ ಸಾಮಾನ್ಯವಾಗಿ ಇದು ಕಡ್ಡಾಯವಲ್ಲ.

ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ

ಥೀಸಿಸ್‌ನಲ್ಲಿ ಐದು ಉದ್ದೇಶ ಇರುತ್ತವೆ: ಪಾದ, ಕಣ್ಣು, ಕಿಡ್ನಿ, ಲಿಪಿಡ್, ಕೊನೆಗೆ ಆಹಾರ ಪದ್ಧತಿ. ಪೇಪರ್‌ಗೆ ಒಂದನ್ನು ಆರಿಸಿ. ಹಾಗಂತ ಒಂದೇ ಡೇಟಾವನ್ನು ಐದು ತುಂಡು ಮಾಡಿ ಐದು ಜರ್ನಲ್‌ಗೆ ಹಂಚಬೇಡಿ, ಅದಕ್ಕೆ ಸಂಪಾದಕರ ವಲಯದಲ್ಲಿ ಕೆಟ್ಟ ಹೆಸರಿದೆ. ಯಾವುದರಲ್ಲಿ ನಿಮ್ಮ ಅಳತೆ ಗಟ್ಟಿಯಾಗಿದೆಯೋ ಅದನ್ನು ಹಿಡಿಯಿರಿ. ನಮ್ಮ ಉದಾಹರಣೆಯಲ್ಲಿ ಪ್ರಶ್ನೆ ಹೀಗಾಗಬಹುದು: ಪಾದದ ದೂರು ಏನೂ ಹೇಳದೆ ಬರೀ ಮಾತ್ರೆ ತೆಗೆದುಕೊಳ್ಳಲು ಬಂದವರಲ್ಲಿ ಎಷ್ಟು ಜನರ ಪಾದದ ಸ್ಪರ್ಶ ಆಗಲೇ ಹೋಗಿರುತ್ತದೆ? "ದೂರು ಹೇಳದೆ" ಎಂಬ ಆ ಎರಡು ಪದದಲ್ಲೇ ಪೇಪರ್‌ನ ಜೀವ ಇದೆ. ಅದಿಲ್ಲದಿದ್ದರೆ ಇಂಥ ಅಧ್ಯಯನ ಈಗಾಗಲೇ ರಾಶಿ ರಾಶಿ ಬಂದಿವೆ.

ಸಣ್ಣ ಊರು, ಸಣ್ಣ ಆಸ್ಪತ್ರೆ ಎಂದು ಹಿಂಜರಿಯಬೇಕಿಲ್ಲ. ಮೈಸೂರಿನ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1930ರ ದಶಕದಿಂದ ಹೆರಿಗೆಯ ದಾಖಲೆಗಳನ್ನು ಜೋಪಾನವಾಗಿ ಇಟ್ಟಿದ್ದರು. ಹುಟ್ಟಿದಾಗ ಮಗುವಿನ ತೂಕ, ಉದ್ದ, ತಾಯಿಯ ತೂಕ ಎಲ್ಲ ಬರೆದಿಟ್ಟ ಪುಸ್ತಕಗಳು. ಆ ಮಕ್ಕಳು ನಡುವಯಸ್ಸು ದಾಟಿದ ಮೇಲೆ ಅವರನ್ನು ಹುಡುಕಿ, ಸಕ್ಕರೆ ಪರೀಕ್ಷೆ ಮಾಡಿ ಬರೆದ ಲೇಖನ 1998ರಲ್ಲಿ ಡಯಾಬಿಟಿಕ್ ಮೆಡಿಸಿನ್ ಜರ್ನಲ್‌ನಲ್ಲಿ ಬಂತು. ಹುಟ್ಟಿದಾಗ ಉದ್ದ ಕಡಿಮೆ ಇದ್ದು ಮೈ ದುಂಡಗಿದ್ದವರಲ್ಲಿ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ ಕಾಯಿಲೆ ಹೆಚ್ಚು ಕಂಡಿತ್ತು. ಯುರೋಪಿನ ಅಧ್ಯಯನಗಳು ಕಡಿಮೆ ತೂಕದ ಮಕ್ಕಳ ಕಡೆ ಬೆರಳು ತೋರಿಸುತ್ತಿದ್ದಾಗ ಮೈಸೂರಿನ ಚಿತ್ರ ಬೇರೆಯಾಗಿತ್ತು. ಅದನ್ನು ಹೇಳಲು ಅವರ ಹತ್ತಿರ ಇದ್ದ ಬಂಡವಾಳ ಹಳೆಯ ರಿಜಿಸ್ಟರು.

ಜರ್ನಲ್ ಆರಿಸುವುದು

ಬರೆದು ಮುಗಿಸಿದ ಮೇಲೆ ಜರ್ನಲ್ ಹುಡುಕುವವರೇ ಜಾಸ್ತಿ. ಮೊದಲು ಆರಿಸಿ, ಆಮೇಲೆ ಬರೆಯಿರಿ. ಪದಮಿತಿ, ತಲೆಬರಹಗಳು, ಉಲ್ಲೇಖದ ಶೈಲಿ ಎಲ್ಲ ಜರ್ನಲ್‌ನಿಂದ ಜರ್ನಲ್‌ಗೆ ಬೇರೆ. ಡಯಾಬಿಟಿಸ್ ಕೇರ್ ತನ್ನ ಸಾರಾಂಶದಲ್ಲಿ ವಿಧಾನದ ಭಾಗಕ್ಕೆ "ರಿಸರ್ಚ್ ಡಿಸೈನ್ ಅಂಡ್ ಮೆಥಡ್ಸ್" ಎಂದೇ ಕೇಳುತ್ತದೆ. ಡಯಾಬಿಟೊಲೊಜಿಯಾಗೆ "ಏಮ್ಸ್/ಹೈಪಾಥಿಸಿಸ್" ಬೇಕು, ಜೊತೆಗೆ ಈ ವಿಷಯದಲ್ಲಿ ಈಗಾಗಲೇ ಗೊತ್ತಿರುವುದೇನು, ನೀವು ಹೊಸದಾಗಿ ಹೇಳುತ್ತಿರುವುದೇನು ಎಂದು ತುಂಡು ತುಂಡು ಸಾಲುಗಳ ಒಂದು ಚೌಕವೂ ಬೇಕು. ಆ ಚೌಕವನ್ನು ಯಾವ ಜರ್ನಲ್‌ಗೆ ಕಳಿಸುವುದಾದರೂ ಮೊದಲು ತುಂಬಿಸಿ ನೋಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. "ಹೊಸದೇನು" ಎಂಬ ಸಾಲು ಖಾಲಿ ಉಳಿದರೆ ಪೇಪರ್ ಇನ್ನೂ ಬೆಂದಿಲ್ಲ.

ಆಸೆಗೂ ಅಳತೆ ಇರಲಿ. ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಎಂದು ಹೇಳಿದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಲ್ಯಾನ್ಸೆಟ್ ಡಯಾಬಿಟಿಸ್ ಅಂಡ್ ಎಂಡೊಕ್ರೈನಾಲಜಿಯಲ್ಲಿ ಬಂತು. ಅದರಲ್ಲಿ 1,13,043 ಜನರಿದ್ದರು. ನಮ್ಮ 200 ಜನರ ಪಾದಗಳ ಕಥೆಯನ್ನು ಅಲ್ಲಿಗೆ ಕಳಿಸಿದರೆ ರಿವ್ಯೂಗೂ ಹೋಗದೆ ವಾಪಸ್. ನಮ್ಮಂಥ ಕೆಲಸಕ್ಕೆ ಆರ್‌ಎಸ್‌ಎಸ್‌ಡಿಐ (ಭಾರತದ ಸಕ್ಕರೆ ಕಾಯಿಲೆ ಸಂಶೋಧಕರ ಸಂಘ) ನಡೆಸುವ ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಡಯಾಬಿಟಿಸ್ ಇನ್ ಡೆವಲಪಿಂಗ್ ಕಂಟ್ರೀಸ್, ಎಂಡೊಕ್ರೈನ್ ಸೊಸೈಟಿ ಆಫ್ ಇಂಡಿಯಾದ ಇಂಡಿಯನ್ ಜರ್ನಲ್ ಆಫ್ ಎಂಡೊಕ್ರೈನಾಲಜಿ ಅಂಡ್ ಮೆಟಬಾಲಿಸಂ ಹೊಂದುತ್ತವೆ. ವಿಷಯಕ್ಕೆ ಇನ್ನಷ್ಟು ತೂಕ ಇದ್ದರೆ ಐಡಿಎಫ್‌ನ (ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟ) ಡಯಾಬಿಟಿಸ್ ರಿಸರ್ಚ್ ಅಂಡ್ ಕ್ಲಿನಿಕಲ್ ಪ್ರಾಕ್ಟೀಸ್. ಕಳೆದ ಎರಡು ವರ್ಷದ ಸಂಚಿಕೆಗಳಲ್ಲಿ ನಿಮ್ಮದರಂಥ ಪೇಪರ್ ಬಂದಿದೆಯಾ ನೋಡಿ. ಒಂದೂ ಬಂದಿಲ್ಲ ಎಂದರೆ ಅವರಿಗೆ ಅದರಲ್ಲಿ ಆಸಕ್ತಿ ಇಲ್ಲ.

ದುಡ್ಡಿನ ವಿಷಯವನ್ನು ಮೊದಲೇ ನೋಡಿಕೊಳ್ಳಿ. ಪೂರ್ತಿ ಓಪನ್ ಆಕ್ಸೆಸ್ (ಓದುಗರಿಗೆ ಪುಕ್ಕಟೆ, ಖರ್ಚು ಲೇಖಕರದು) ಜರ್ನಲ್‌ಗಳಲ್ಲಿ ಪ್ರಕಟಣೆಯ ಶುಲ್ಕ ಒಬ್ಬ ಪಿಜಿಯ ಹಲವು ತಿಂಗಳ ಸ್ಟೈಪೆಂಡ್ ನುಂಗಬಲ್ಲದು. ಬಡ ದೇಶಗಳಿಗೆ ಕೊಡುವ ಮನ್ನಾ ಭಾರತದವರಿಗೆ ತಾನಾಗಿ ಸಿಗುತ್ತದೆ ಎಂದು ನಂಬಿ ಕೂರಬೇಡಿ. ಓಪನ್ ಆಕ್ಸೆಸ್, ಚಂದಾ ಎರಡೂ ದಾರಿ ಇರುವ ಹೈಬ್ರಿಡ್ ಜರ್ನಲ್ ಆದರೆ ಚಂದಾದಾರರ ದಾರಿಯಲ್ಲಿ ಸಾಮಾನ್ಯವಾಗಿ ಲೇಖಕರು ಪುಕ್ಕಟೆ ಪ್ರಕಟಿಸಬಹುದು. ಒಪ್ಪಿಗೆ ಪತ್ರ ಬಂದ ಮೇಲೆ ತೆರೆದುಕೊಳ್ಳುವ ಪುಟದಲ್ಲಿ ಓಪನ್ ಆಕ್ಸೆಸ್ ಗುಂಡಿ ದೊಡ್ಡದಾಗಿ ಇರುತ್ತದೆ, ಇನ್ನೊಂದು ಆಯ್ಕೆ ಕೆಳಗೆ ಸಣ್ಣಗೆ. ನಿಧಾನಕ್ಕೆ ಓದಿ ಒತ್ತಿ.

ಇನ್ನು ದಿನಕ್ಕೆರಡು ಬರುವ ಆ ಇಮೇಲ್‌ಗಳು. "ಗೌರವಾನ್ವಿತ ಪ್ರೊಫೆಸರ್, ನಿಮ್ಮ ಅಮೂಲ್ಯ ಲೇಖನದಿಂದ ಪ್ರಭಾವಿತರಾಗಿದ್ದೇವೆ, 72 ಗಂಟೆಯಲ್ಲಿ ಪ್ರಕಟಿಸುತ್ತೇವೆ." ಯಾವ ಲೇಖನ ಎಂದು ಹೇಳುವುದಿಲ್ಲ. ಇವು ಕಾಸು ಕೀಳುವ ಜರ್ನಲ್‌ಗಳು. ಅಲ್ಲಿ ಸಿಕ್ಕಿಕೊಂಡ ಪೇಪರ್ ಬೇರೆಲ್ಲಿಗೂ ಕಳಿಸಲಾಗದೆ ಕೊಳೆಯುತ್ತದೆ. ಯುಜಿಸಿ-ಕೇರ್ ಎಂಬ ಒಪ್ಪಿತ ಜರ್ನಲ್‌ಗಳ ಪಟ್ಟಿಯನ್ನು ನೋಡಿ ತೀರ್ಮಾನ ಮಾಡುವ ಕಾಲವೂ ಮುಗಿಯಿತು, ಯುಜಿಸಿ ಅದನ್ನು 2025ರಲ್ಲಿ ನಿಲ್ಲಿಸಿತು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಕ್ಯಾಟಲಾಗ್ ತೆರೆದು, ಜರ್ನಲ್ ಈಗ ಮೆಡ್‌ಲೈನ್ (ಅವರು ಆರಿಸಿದ ಜರ್ನಲ್‌ಗಳ) ಸೂಚಿಯಲ್ಲಿದೆಯೇ ನೋಡಿ. ಲೇಖನ ಹುಡುಕುವ ತಾಣ ಪಬ್‌ಮೆಡ್‌ನಲ್ಲಿ ಒಂದೆರಡು ಲೇಖನ ಕಂಡ ಮಾತ್ರಕ್ಕೆ ಮೆಡ್‌ಲೈನ್‌ನಲ್ಲಿದೆ ಎಂದಲ್ಲ. ಬಡ್ತಿಗೆ ಯಾವ ಸೂಚಿಗಳು ಲೆಕ್ಕಕ್ಕೆ ಬರುತ್ತವೆ ಎಂಬ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ನಿಯಮ ಬದಲಾಗುತ್ತಿರುತ್ತದೆ, ಕಾಲೇಜು ಕಚೇರಿಯಲ್ಲಿ ಈ ವರ್ಷದ್ದನ್ನು ಕೇಳಿಕೊಳ್ಳಿ.

ವಿಧಾನದ ಭಾಗವನ್ನು ಮೊದಲು ಬರೆಯಿರಿ

ಪೀಠಿಕೆಯಿಂದ ಶುರು ಮಾಡಿದವರು ಪೀಠಿಕೆಯಲ್ಲೇ ಮುಳುಗುತ್ತಾರೆ. ವಿಧಾನ, ಫಲಿತಾಂಶದ ಟೇಬಲ್‌ಗಳು, ಚರ್ಚೆ, ಪೀಠಿಕೆ, ಕೊನೆಗೆ ಸಾರಾಂಶ. ಈ ಕ್ರಮದಲ್ಲಿ ಬರೆದರೆ ಕೈ ಓಡುತ್ತದೆ. ಪಕ್ಕದಲ್ಲಿ ಸರಿಯಾದ ಚೆಕ್‌ಲಿಸ್ಟ್ ಇಟ್ಟುಕೊಳ್ಳಿ: ನಮ್ಮ ಪಾದದ ಅಧ್ಯಯನದಂಥದ್ದಕ್ಕೆ 22 ಅಂಶಗಳ ಸ್ಟ್ರೋಬ್, ಟ್ರಯಲ್‌ಗೆ ಕಾನ್ಸಾರ್ಟ್, ಸಮೀಕ್ಷಾ ಲೇಖನಕ್ಕೆ ಪ್ರಿಸ್ಮಾ, ಒಬ್ಬ ರೋಗಿಯ ವರದಿಗೆ ಕೇರ್. ಎಲ್ಲವೂ ಈಕ್ವೇಟರ್ ನೆಟ್‌ವರ್ಕ್ ತಾಣದಲ್ಲಿ ಸಿಗುತ್ತವೆ. ಕಾನ್ಸಾರ್ಟ್ 2025ರಲ್ಲಿ ಹೊಸದಾಗಿ ಬಂದಿದೆ, ಹಾಸ್ಟೆಲ್‌ನ ಸೀನಿಯರ್ ಕೊಟ್ಟ ಹಳೆಯ ಪಿಡಿಎಫ್ ಬೇಡ.

ಸಕ್ಕರೆ ಕಾಯಿಲೆಯ ಪೇಪರ್‌ಗಳಲ್ಲಿ ರಿವ್ಯೂ ಮಾಡುವವರು ತಡಕುವ ಜಾಗಗಳು ಕೆಲವಿವೆ. ಅಲ್ಲಿ ಕೈಕೊಟ್ಟರೆ ಉಳಿದದ್ದನ್ನು ಓದುವ ಮನಸ್ಸು ಅವರಿಗೆ ಇರುವುದಿಲ್ಲ.

ರಕ್ತದ ಸ್ಯಾಂಪಲ್. ಓಪಿಡಿಯಲ್ಲಿ ಬೆಳಗ್ಗೆ ಎಂಟಕ್ಕೆ ತೆಗೆದ ರಕ್ತ ಹನ್ನೊಂದರವರೆಗೆ ಟ್ರೇಯಲ್ಲೇ ಕುಳಿತರೆ ಅದರೊಳಗಿನ ಜೀವಕೋಶಗಳು ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ. ಗಂಟೆಗೆ ಸುಮಾರು 5ರಿಂದ 7 ಶೇಕಡಾ ಇಳಿಯುತ್ತದೆ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಬಳಸಿದ್ದೀರಾ, ಎಷ್ಟು ಹೊತ್ತಿನಲ್ಲಿ ಪ್ಲಾಸ್ಮಾ ಬೇರೆ ಮಾಡಿದಿರಿ, ಬರೆಯಿರಿ. ಫ್ಲೋರೈಡ್ ಕೂಡ ಮೊದಲ ಗಂಟೆಯಲ್ಲಿ ಈ ಇಳಿತವನ್ನು ಪೂರ್ತಿ ತಡೆಯುವುದಿಲ್ಲ. ಬೆರಳು ಚುಚ್ಚಿ ಗ್ಲೂಕೋಮೀಟರ್‌ನಲ್ಲಿ ನೋಡಿದ ಅಂಕಿಯನ್ನು ಪ್ಲಾಸ್ಮಾ ಗ್ಲೂಕೋಸ್ ಎಂದು ಬರೆದರೆ ಅದು ಸುಳ್ಳು.

ಎಚ್‌ಬಿಎ1ಸಿ. ಯಾವ ಯಂತ್ರ, ಯಾವ ವಿಧಾನ, ಎನ್‌ಜಿಎಸ್‌ಪಿ (ಈ ಪರೀಕ್ಷೆಯ ಅಳತೆ ಎಲ್ಲೆಡೆ ಒಂದೇ ಇರುವಂತೆ ನೋಡುವ ಕಾರ್ಯಕ್ರಮ) ಪ್ರಮಾಣಿತವೇ? ರಕ್ತಹೀನತೆ ಇದ್ದವರನ್ನು ಏನು ಮಾಡಿದಿರಿ? ಕಬ್ಬಿಣದ ಕೊರತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಏರಿ ಕಾಣಬಹುದು, ಇತ್ತೀಚೆಗೆ ರಕ್ತ ಕೊಡಿಸಿಕೊಂಡವರಲ್ಲಿ, ಕೆಂಪು ಕಣಗಳು ಬೇಗ ಒಡೆಯುವವರಲ್ಲಿ ಇಳಿದು ಕಾಣಬಹುದು. ನಮ್ಮ ಹೆಂಗಸರ ಹಿಮೋಗ್ಲೋಬಿನ್ ಗೊತ್ತಲ್ಲ. ಹಿಮೋಗ್ಲೋಬಿನ್ ನೋಡದೆ ಎಚ್‌ಬಿಎ1ಸಿಯ ಮೇಲೆ ಪೂರ್ತಿ ಪೇಪರ್ ಕಟ್ಟಿದ್ದರೆ ಅದನ್ನು ಮಿತಿ ಎಂದು ನೀವೇ ಒಪ್ಪಿಕೊಳ್ಳುವುದು ಮೇಲು.

ಘಟಕಗಳು. ನಾವು ಮಿಲಿಗ್ರಾಂ ಪರ್ ಡೆಸಿಲೀಟರ್‌ನವರು, ಬ್ರಿಟನ್ನಿನಂಥ ದೇಶದವರು ಮಿಲಿಮೋಲ್‌ನವರು. ಗ್ಲೂಕೋಸ್‌ಗೆ 18ರಿಂದ ಭಾಗಿಸಿ: 126 ಅಂದರೆ 7.0. ಎಚ್‌ಬಿಎ1ಸಿಗೆ ಶೇಕಡಾವನ್ನು 10.93ರಿಂದ ಗುಣಿಸಿ 23.5 ಕಳೆಯಿರಿ: 6.5 ಶೇಕಡಾ ಅಂದರೆ 48, 7 ಅಂದರೆ 53, 8 ಅಂದರೆ 64. ಹೆಚ್ಚಿನ ಜರ್ನಲ್‌ಗಳು ಎರಡನ್ನೂ ಕೇಳುತ್ತವೆ, ಯಾವುದು ಮೊದಲು ಎಂಬುದು ಅವರ ಸೂಚನೆಯಲ್ಲಿರುತ್ತದೆ.

ಬಿಎಂಐ ಗಡಿ. ಸ್ಥೂಲಕಾಯಕ್ಕೆ 25 ಎಂದು ಬರೆದು ಸುಮ್ಮನಾದರೆ ವಿದೇಶದ ಓದುಗ ತಪ್ಪು ಎಂದುಕೊಳ್ಳುತ್ತಾನೆ, ಅವನ ಲೆಕ್ಕದಲ್ಲಿ ಅದು 30. ಏಷ್ಯಾದ ಭಾರತೀಯರ ಮಾನದಂಡದಲ್ಲಿ 23ರಿಂದ ಅಧಿಕ ತೂಕ, 25ರಿಂದ ಸ್ಥೂಲಕಾಯ ಎಂದು ಒಂದು ಸಾಲು ಸೇರಿಸಿ. ಬಸುರಿಯರ ಸಕ್ಕರೆ ಕಾಯಿಲೆಯಲ್ಲಿ ಇದೇ ತಕರಾರು ಇನ್ನೂ ಜೋರು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆಯುವುದು ಡಿಪ್ಸಿ ಪದ್ಧತಿ: ಊಟ ಆಗಿರಲಿ ಬಿಡಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ನೋಡುವುದು, 140 ಮುಟ್ಟಿದರೂ ದಾಟಿದರೂ ಇದೆ. ಹೊರಗಿನವರು ಖಾಲಿ ಹೊಟ್ಟೆಯಲ್ಲಿ ಮಾಡಿ 92, 180, 153 ಎಂಬ ಮೂರು ಗೆರೆ (ಕುಡಿಯುವ ಮೊದಲು, ಒಂದು ಗಂಟೆಗೆ, ಎರಡು ಗಂಟೆಗೆ) ನೋಡುತ್ತಾರೆ. ಯಾವುದನ್ನು ಏಕೆ ಬಳಸಿದಿರಿ ಎಂದು ಮೊದಲೇ ಹೇಳಿಬಿಡಿ, ಆ ಪ್ರಶ್ನೆ ಬಂದೇ ಬರುತ್ತದೆ.

ಕನ್ನಡದಲ್ಲಿ ಕೇಳಿದ ಪ್ರಶ್ನಾವಳಿ. ನರದ ತೊಂದರೆಯ ಪ್ರಶ್ನಾವಳಿಯಲ್ಲಿ "ನಂಬ್‌ನೆಸ್" ಇದೆ. ರೋಗಿ ಹೇಳುವುದು "ಜೋಮು ಹಿಡಿದಂಗಾಗ್ತದೆ", "ಕಾಲು ಮರಗಟ್ಟಿದೆ", "ಚಪ್ಪಲಿ ಜಾರಿ ಬಿದ್ದದ್ದೇ ಗೊತ್ತಾಗ್ಲಿಲ್ಲ". ಈ ಮೂರೂ ಒಂದೇ ಅಲ್ಲ. ಕೂತು ಎದ್ದಾಗ ಬರುವ ಜೋಮಿಗೂ ಹೌದು ಎಂದು ಗುರುತು ಹಾಕಿದರೆ ನಿಮ್ಮ ಅಂಕಿ ಉಬ್ಬುತ್ತದೆ. ಯಾರು ಕನ್ನಡಕ್ಕೆ ತಂದರು, ಬೇರೆಯವರಿಂದ ಮರಳಿ ಇಂಗ್ಲಿಷ್‌ಗೆ ಮಾಡಿಸಿ ಹೋಲಿಸಿದಿರಾ, ಎಷ್ಟು ಜನರ ಮೇಲೆ ಮೊದಲು ಪರೀಕ್ಷಿಸಿದಿರಿ ಎಂದು ಬರೆಯಿರಿ. ಆಹಾರದ ಪ್ರಶ್ನೆಗೂ ಹೀಗೆಯೇ. "ಎರಡು ಮುದ್ದೆ" ಎಂದರೆ ಮಂಡ್ಯದ ಹೊಲದ ಮನೆಯಲ್ಲಿ ಒಂದು ಅಳತೆ, ಬೆಂಗಳೂರಿನ ಹೋಟೆಲ್‌ನಲ್ಲಿ ಇನ್ನೊಂದು. ತಕ್ಕಡಿಯಲ್ಲಿಟ್ಟು ಗ್ರಾಂನಲ್ಲಿ ಹೇಳಿ.

ಅಂಕಿಅಂಶದ ಬಗ್ಗೆ ಮೂರೇ ಮಾತು. ಎಸ್‌ಪಿಎಸ್‌ಎಸ್ ಎಂಬ ಲೆಕ್ಕದ ತಂತ್ರಾಂಶದ ಪರದೆಯಲ್ಲಿ .000 ಎಂದು ಕಂಡರೆ ಪಿ ವ್ಯಾಲ್ಯೂ ಸೊನ್ನೆ ಎಂದಲ್ಲ, 0.001ಕ್ಕಿಂತ ಕಡಿಮೆ ಎಂದು ಬರೆಯಬೇಕು. ಕಾಯಿಲೆ ಬಂದು ಎಷ್ಟು ವರ್ಷ ಎಂಬ ಅಂಕಿ ಯಾವತ್ತೂ ಒಂದು ಕಡೆ ವಾಲಿರುತ್ತದೆ, ಅಲ್ಲಿ ಸರಾಸರಿ ಬೇಡ, ಮೀಡಿಯನ್ ಕೊಡಿ. ಒಂದೇ ಸಲ ನೋಡಿ ಅಳೆದ ಅಧ್ಯಯನದಲ್ಲಿ "ಎಚ್‌ಬಿಎ1ಸಿ ಏರಿದ್ದರಿಂದ ಸ್ಪರ್ಶ ಹೋಯಿತು" ಎನ್ನಬೇಡಿ. ಎರಡೂ ಒಟ್ಟಿಗೆ ಕಂಡವು ಎನ್ನುವಷ್ಟೇ ಹಕ್ಕು ನಿಮಗಿದೆ.

ಮಾತಿನ ಮರ್ಯಾದೆಯೂ ಈಗ ನಿಯಮ. 2017ರಲ್ಲಿ ಅಮೆರಿಕದ ಡಯಾಬಿಟಿಸ್ ಶಿಕ್ಷಕರ ಸಂಘ ಮತ್ತು ಡಯಾಬಿಟಿಸ್ ಅಸೋಸಿಯೇಷನ್ ಸೇರಿ ಭಾಷೆಯ ಬಗ್ಗೆ ಮಾರ್ಗಸೂಚಿ ಕೊಟ್ಟವು. "ಡಯಾಬಿಟಿಕ್" ಎಂದು ವ್ಯಕ್ತಿಯನ್ನೇ ಕಾಯಿಲೆಯ ಹೆಸರಿನಿಂದ ಕರೆಯದೆ "ಡಯಾಬಿಟಿಸ್ ಇರುವ ವ್ಯಕ್ತಿ" ಎನ್ನಬೇಕು, "ಹೇಳಿದ್ದು ಕೇಳದ ರೋಗಿ" ಎಂಬರ್ಥದ ಪದಗಳು ಬೇಡ. ಇನ್ಸುಲಿನ್ ಅವಲಂಬಿತ, ಅವಲಂಬಿತವಲ್ಲದ ಎಂಬ ಹಳೆಯ ಹೆಸರುಗಳು 1990ರ ದಶಕದ ಕೊನೆಗೇ ಹೋದವು. ಟೈಪ್ 1, ಟೈಪ್ 2 ಎನ್ನುವಲ್ಲಿ ರೋಮನ್ ಅಂಕಿಯೂ ಬೇಡ.

ಹೆಸರಿನ ರಗಳೆ

ಯಾರು ಲೇಖಕರು? ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಐಸಿಎಂಜೆಇ ನಾಲ್ಕು ಷರತ್ತು ಹಾಕಿದೆ: ಕೆಲಸದ ರೂಪದಲ್ಲೋ ಡೇಟಾದಲ್ಲೋ ವಿಶ್ಲೇಷಣೆಯಲ್ಲೋ ಗಣನೀಯ ಪಾಲು, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಪಾಲು, ಕೊನೆಯ ಪ್ರತಿಗೆ ಒಪ್ಪಿಗೆ, ಎಲ್ಲದಕ್ಕೂ ಹೊಣೆ. ನಾಲ್ಕೂ ಬೇಕು. ವಿಭಾಗದ ಮುಖ್ಯಸ್ಥರು ಎಂಬ ಕಾರಣಕ್ಕೆ ಹೆಸರು ಸೇರಿಸುವ ಪದ್ಧತಿ ನಮ್ಮಲ್ಲಿದೆ, ಅದನ್ನು ಪಿಜಿ ಒಬ್ಬರೇ ನಿಂತು ಎದುರಿಸಲಾರರು ಎಂಬುದೂ ಗೊತ್ತು. ಒಂದು ದಾರಿ: ಶುರುವಿನಲ್ಲೇ, ಡೇಟಾ ತೆಗೆಯುವ ಮೊದಲೇ, ಯಾರ ಕೆಲಸ ಏನು, ಹೆಸರಿನ ಕ್ರಮ ಏನು ಎಂದು ಒಂದು ಇಮೇಲ್‌ನಲ್ಲಿ ಎಲ್ಲರಿಗೂ ಬರೆದುಬಿಡಿ. ಆಮೇಲಿನ ಅರ್ಧ ಜಗಳ ತಪ್ಪುತ್ತದೆ. ಎಐ ಚಾಟ್‌ಬಾಟ್ ಲೇಖಕನಾಗುವಂತಿಲ್ಲ, ಬಳಸಿದ್ದರೆ ಯಾವುದಕ್ಕೆ ಎಂದು ಹೇಳಬೇಕು. ಅದು ಕೊಟ್ಟ ಉಲ್ಲೇಖಗಳನ್ನು ಒಂದೊಂದನ್ನೂ ತೆರೆದು ನೋಡಿ, ಇಲ್ಲದ ಪೇಪರ್‌ಗಳನ್ನು ಹುಟ್ಟಿಸುವುದರಲ್ಲಿ ಅದಕ್ಕೆ ನಾಚಿಕೆಯಿಲ್ಲ.

ನಮ್ಮ ಕನ್ನಡಿಗರನ್ನು ಕಾಡುವ ಸಂಕಟ ಇನ್ನೊಂದಿದೆ, ಇನಿಷಿಯಲ್. ಮಂಜುನಾಥ ಕೆ. ಎಸ್. ಎಂಬ ಹೆಸರು ತೆಗೆದುಕೊಳ್ಳಿ. ಕೆ ಅಂದರೆ ಊರು, ಎಸ್ ಅಂದರೆ ಅಪ್ಪ. ಜರ್ನಲ್‌ನ ಫಾರಂನಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ. ಕೊನೆಯ ಹೆಸರಿನ ಖಾನೆಗೆ "ಕೆ ಎಸ್" ಹಾಕಿದರೆ ಪಬ್‌ಮೆಡ್‌ನಲ್ಲಿ ಅವರು ಜೀವನಪೂರ್ತಿ "ಕೆ ಎಸ್ ಎಂ" ಆಗಿ ಉಳಿಯುತ್ತಾರೆ. ಯಾರೂ ಹುಡುಕಿ ತೆಗೆಯಲಾರರು. ಕೊನೆಯ ಹೆಸರಿನ ಖಾನೆಯಲ್ಲಿ ಮಂಜುನಾಥ, ಮೊದಲ ಖಾನೆಯಲ್ಲಿ ಊರಿನ ಅಥವಾ ಅಪ್ಪನ ಹೆಸರನ್ನು ಬಿಡಿಸಿ ಬರೆಯುವುದು ಒಂದು ದಾರಿ. ಯಾವ ರೂಪ ಆರಿಸಿದರೂ ಸರಿ, ಮೊದಲ ಪೇಪರ್‌ನಿಂದ ಕೊನೆಯವರೆಗೆ ಅದೇ ಇರಲಿ. ಆರ್ಕಿಡ್ ಎಂಬ 16 ಅಂಕಿಯ ಗುರುತು ಸಂಖ್ಯೆ ಪುಕ್ಕಟೆ ಸಿಗುತ್ತದೆ, ಮಾಡಿಸಿಕೊಳ್ಳಿ. ಮದುವೆಯಾದ ಮೇಲೆ ಹೆಸರು ಬದಲಿಸುವ ಹೆಣ್ಣುಮಕ್ಕಳಿಗೆ ಅದೊಂದೇ ಆಸರೆ.

ಕಡತಗಳು, ಆಮೇಲೆ ಪೋರ್ಟಲ್

ಹೆಸರು ಮರೆಮಾಚಿ ರಿವ್ಯೂ ಮಾಡುವ ಜರ್ನಲ್ ಆದರೆ ಶೀರ್ಷಿಕೆ ಪುಟ ಬೇರೆ ಕಡತ, ಹೆಸರಿಲ್ಲದ ಲೇಖನ ಬೇರೆ. ಲೇಖನದೊಳಗೆ ಕಾಲೇಜಿನ ಹೆಸರು, ಎಥಿಕ್ಸ್ ಕಮಿಟಿಯ ಹೆಸರು ಉಳಿದಿರುತ್ತದೆ, ಹುಡುಕಿ ತೆಗೆಯಿರಿ. ವರ್ಡ್ ಕಡತದ ಗುಣವಿವರದಲ್ಲೂ ನಿಮ್ಮ ಹೆಸರು ಕೂತಿರುತ್ತದೆ. ಫೈಲ್, ಇನ್ಫೋ, ಚೆಕ್ ಫಾರ್ ಇಶ್ಯೂಸ್, ಇನ್‌ಸ್ಪೆಕ್ಟ್ ಡಾಕ್ಯುಮೆಂಟ್ ಒತ್ತಿ ಅಳಿಸಿ. ಪಾದದ ಹುಣ್ಣಿನ ಫೋಟೋ ಇದ್ದರೆ ಹಿನ್ನೆಲೆ ನೋಡಿ: ಮಂಚಕ್ಕೆ ಕಟ್ಟಿದ ಕೇಸ್‌ಶೀಟ್, ಕೈಪಟ್ಟಿಯ ಐಪಿ ನಂಬರ್, ಹಚ್ಚೆ ಹಾಕಿಸಿಕೊಂಡ ಹೆಸರು. ಫೋಟೋಗೆ ರೋಗಿಯ ಲಿಖಿತ ಒಪ್ಪಿಗೆ ಪ್ರತ್ಯೇಕ ಬೇಕು, ಅಧ್ಯಯನದ ಒಪ್ಪಿಗೆಯಲ್ಲಿ ಅದು ಸೇರಿರುವುದಿಲ್ಲ.

ಸಾಮ್ಯತೆ ತಪಾಸಣೆಯನ್ನು (ಬೇರೆಡೆಯ ಬರಹ ನಕಲಾಗಿದೆಯಾ ಎಂಬ ಪರೀಕ್ಷೆ) ಕಾಲೇಜಿನ ಗ್ರಂಥಾಲಯದಲ್ಲೇ ಮಾಡಿಸಿ. ಬೆಂಗಳೂರಿನದೇ ಆದ ಡ್ರಿಲ್‌ಬಿಟ್ ತಂತ್ರಾಂಶ ಹಲವು ಕಾಲೇಜುಗಳಲ್ಲಿದೆ. ನಿಮ್ಮದೇ ಥೀಸಿಸ್ ಜೊತೆ ಹೊಂದಿದರೆ ಗಾಬರಿ ಬೇಡ, ಕವರ್ ಲೆಟರ್‌ನಲ್ಲಿ ಇದು ಥೀಸಿಸ್‌ನಿಂದ ಬಂದದ್ದು ಎಂದು ಹೇಳಿ.

ಆ ಕವರ್ ಲೆಟರ್ ಅರ್ಧ ಪುಟ ಸಾಕು. ಪ್ರಶ್ನೆ ಏನು, ಏನು ಸಿಕ್ಕಿತು, ಈ ಜರ್ನಲ್ ಓದುವವರಿಗೆ ಇದು ಏಕೆ ಬೇಕು, ಬೇರೆಲ್ಲೂ ಕಳಿಸಿಲ್ಲ. ಸಂಪಾದಕರ ಹೆಸರನ್ನು ತಾಣದಲ್ಲಿ ನೋಡಿ ಸರಿಯಾಗಿ ಬರೆಯಿರಿ. ಹಿಂದೆ ತಿರಸ್ಕರಿಸಿದ ಜರ್ನಲ್‌ನ ಹೆಸರೇ ಉಳಿದ ಪತ್ರಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪೋರ್ಟಲ್ ಎಡಿಟೋರಿಯಲ್ ಮ್ಯಾನೇಜರ್ ಇರಬಹುದು, ಸ್ಕಾಲರ್‌ಒನ್ ಇರಬಹುದು, ಒಂದು ಸಂಜೆ ಬಿಡುವು ಮಾಡಿಕೊಂಡು ಕೂತುಕೊಳ್ಳಿ. ಸಹಲೇಖಕರೆಲ್ಲರ ಇಮೇಲ್ ಮುಂಚೆಯೇ ಇರಲಿ. ಎಲ್ಲ ಹಾಕಿದ ಮೇಲೆ ಎಡಿಟೋರಿಯಲ್ ಮ್ಯಾನೇಜರ್ ಒಂದು ಪಿಡಿಎಫ್ ಕಟ್ಟುತ್ತದೆ. ಅದನ್ನು ತೆರೆದು ನೋಡಿ ಒಪ್ಪಿಗೆ ಕೊಟ್ಟ ಮೇಲೆಯೇ ಅದು ಜರ್ನಲ್‌ಗೆ ಹೋಗುವುದು. ನನ್ನ ಮೊದಲ ಪೇಪರ್‌ಗೆ ಪಿಡಿಎಫ್ ಕಟ್ಟಿದ ಕೂಡಲೇ ಲ್ಯಾಪ್‌ಟಾಪ್ ಮುಚ್ಚಿ, ಎಲ್ಲರಿಗೂ "ಸಬ್ಮಿಟ್ ಆಯ್ತು" ಎಂದು ಸಂದೇಶ ಕಳಿಸಿ, ಕೇಸರಿಬಾತ್ ಕೂಡ ಕೊಡಿಸಿದ್ದೆ. ಹತ್ತೊಂಬತ್ತು ದಿನ ಕಳೆದು ನಮ್ಮ ಗೈಡ್ ಲಾಗಿನ್ ಆಗಿ ನೋಡಿದರೆ ಪೇಪರ್ "ಲೇಖಕರ ಒಪ್ಪಿಗೆಗೆ ಕಾಯುತ್ತಿದೆ" ಎಂಬ ಪಟ್ಟಿಯಲ್ಲಿ ಕೂತಿತ್ತು. ನಾನು ಜರ್ನಲ್‌ಗೆ ಕಾಯುತ್ತಿದ್ದೆ, ಅದು ನನಗೆ ಕಾಯುತ್ತಿತ್ತು. ಹಸ್ತಪ್ರತಿಗೆ ಸಂಖ್ಯೆ ಕೊಟ್ಟ ಇಮೇಲ್ ಬರುವವರೆಗೆ ಕಳಿಸಿಯಾಯಿತು ಎಂದು ನಂಬಬೇಡಿ.

ಉತ್ತರ ಬಂದಾಗ

"ವಿತ್ ಎಡಿಟರ್" ಎಂದು ವಾರಗಟ್ಟಲೆ ಇರುತ್ತದೆ. ಮೂರು ತಿಂಗಳು ದಾಟಿದರೆ ವಿನಯದಿಂದ ಒಂದು ಇಮೇಲ್ ಬರೆಯಬಹುದು, ಅದಕ್ಕೆ ಮುಂಚೆ ಬೇಡ. ತಿರಸ್ಕಾರ ಬಂದರೆ ಆ ರಾತ್ರಿ ಬೈದುಕೊಳ್ಳಿ, ಮಾರನೆಯ ದಿನ ರಿವ್ಯೂ ಮಾಡಿದವರು ಹೇಳಿದ್ದರಲ್ಲಿ ಸರಿ ಇದ್ದದ್ದನ್ನು ತಿದ್ದಿ ಮುಂದಿನ ಜರ್ನಲ್‌ಗೆ ಕಳಿಸಿ. ತಿದ್ದದೆ ಕಳಿಸಬೇಡಿ. ಈ ವಿಷಯದಲ್ಲಿ ಕೆಲಸ ಮಾಡುವವರು ಬೆರಳೆಣಿಕೆ, ಅದೇ ಪೇಪರ್ ಅದೇ ವ್ಯಕ್ತಿಯ ಮೇಜಿಗೆ ಮತ್ತೆ ಹೋಗುತ್ತದೆ. ನನಗೇ ಎರಡು ಸಲ ಹಾಗೆ ಬಂದಿದೆ.

"ಮೇಜರ್ ರಿವಿಷನ್" ಎಂದು ಬಂದರೆ ಸಂತೋಷಪಡಿ, ಬಾಗಿಲು ಅರ್ಧ ತೆರೆದಿದೆ. ಟೇಬಲ್ ಮಾಡಿ: ಅವರ ಮಾತು ಪೂರ್ತಿ, ನಿಮ್ಮ ಉತ್ತರ, ಎಲ್ಲಿ ಬದಲಿಸಿದಿರಿ ಎಂಬ ಪುಟ ಮತ್ತು ಸಾಲಿನ ಸಂಖ್ಯೆ. ಒಂದನ್ನೂ ಬಿಡುವಂತಿಲ್ಲ. ನಮ್ಮ ಪಾದದ ಪೇಪರ್‌ಗೆ ಹೀಗೊಂದು ಪ್ರಶ್ನೆ ಬಂತು ಎನ್ನಿ: "ಕಾಯಿಲೆಯ ಅವಧಿಯನ್ನು ರೋಗಿಗಳ ನೆನಪಿನಿಂದ ಪಡೆದಿದ್ದಾರೆ, ಇದು ನಂಬಲರ್ಹವೇ?" ಕೆಟ್ಟ ಉತ್ತರ: "ನಮ್ಮ ದೇಶದಲ್ಲಿ ದಾಖಲೆ ಇರುವುದಿಲ್ಲ." ಒಳ್ಳೆಯ ಉತ್ತರ ಹೀಗಿರುತ್ತದೆ: ಹೌದು, ಇದು ಮಿತಿ. ಓಪಿಡಿ ಪುಸ್ತಕ ತಂದಿದ್ದವರಲ್ಲಿ ಬರೆದ ತಾರೀಖನ್ನೂ ಹೇಳಿದ ವರ್ಷವನ್ನೂ ಹೋಲಿಸಿದ್ದೇವೆ, ಆ ಫಲಿತಾಂಶವನ್ನು ಪುಟ 9ರಲ್ಲಿ ಸೇರಿಸಿದ್ದೇವೆ, ಉಳಿದವರ ಬಗ್ಗೆ ಪುಟ 12ರಲ್ಲಿ ಎಚ್ಚರಿಕೆಯ ಸಾಲು ಇದೆ. ಅವರ ಮಾತು ತಪ್ಪು ಎನಿಸಿದರೆ ಒಪ್ಪಬೇಕಿಲ್ಲ, ಆದರೆ ಕಾರಣ ಕೊಡಿ. ಗಡುವಿನೊಳಗೆ ಆಗದಿದ್ದರೆ ಮುಂಚೆಯೇ ಕೇಳಿದರೆ ಸಾಮಾನ್ಯವಾಗಿ ಸಮಯ ಕೊಡುತ್ತಾರೆ. ಕೇಳದೆ ಗಡುವು ದಾಟಿದರೆ ಹೊಸ ಪೇಪರ್ ಎಂದು ಮೊದಲಿನಿಂದ ಶುರು.

ಒಪ್ಪಿಗೆಯಾದ ಕೆಲವು ವಾರಕ್ಕೆ ಪ್ರೂಫ್ ಬರುತ್ತದೆ, ತಿದ್ದಲು ಹೆಚ್ಚಾಗಿ 48 ಗಂಟೆ. ನೀವು ಡ್ಯೂಟಿಯಲ್ಲಿರುವ ರಾತ್ರಿಯೇ ಬರುತ್ತದೆ, ಇದು ನನ್ನ ಅನುಭವದ ಮಾತು. ವಾಕ್ಯಗಳನ್ನು ಚಂದ ಮಾಡಲು ಹೋಗಬೇಡಿ, ಆ ಕಾಲ ಮುಗಿಯಿತು. ಟೇಬಲ್‌ಗಳ ದಶಮಾಂಶ ಬಿಂದು ಜಾರಿದೆಯಾ, ಮಿಲಿಗ್ರಾಂ ಮಿಲಿಮೋಲ್ ಅದಲುಬದಲಾಗಿದೆಯಾ, ನೋಂದಣಿ ಸಂಖ್ಯೆ ಸರಿ ಇದೆಯಾ, ಮೊನೊಫಿಲಮೆಂಟ್ ಹಿಡಿದು ಆರು ತಿಂಗಳು ನಿಂತ ಸ್ಟಾಫ್ ನರ್ಸ್ ಹೆಸರು ಕೃತಜ್ಞತೆಯಲ್ಲಿ ಉಳಿದಿದೆಯಾ ನೋಡಿ. ಅಂಚಿನಲ್ಲಿ ಪ್ರಕಾಶಕರ ಪ್ರಶ್ನೆಗಳು ಸಂಖ್ಯೆ ಹಾಕಿಕೊಂಡು ಸಾಲಾಗಿ ಇರುತ್ತವೆ. ಬಹುತೇಕ ಮೊದಲನೆಯದು ಇದೇ: ಲೇಖಕರ ಮೊದಲ ಹೆಸರು, ಕುಲದ ಹೆಸರು (ಅಂದರೆ ಕೊನೆಯ ಹೆಸರು) ಸರಿಯಾಗಿ ಗುರುತಿಸಿದ್ದೇವೆಯೇ? ಅಲ್ಲಿ "ಕೆ ಎಸ್" ಕುಲದ ಹೆಸರಾಗಿ ಬಣ್ಣ ಬಳಿದುಕೊಂಡು ಕೂತಿದ್ದರೆ, ಈಗಲೇ ಎಬ್ಬಿಸಿ ಮಂಜುನಾಥರನ್ನು ಕೂರಿಸಿ. ಪ್ರಕಟವಾದ ಮೇಲೆ ಅದಕ್ಕೆ ತಿದ್ದುಪಡಿ ಪ್ರಕಟಣೆಯೇ ಹೊರಡಿಸಬೇಕಾಗುತ್ತದೆ.